ಲಿವರ್ ಕ್ಯಾನ್ಸರಿನ ಕೂಳೆ

ಕಟಾವಾದ ಮಾರನೇ ದಿನ ಮಂಡ್ಯದ ಕಬ್ಬಿನ ಗದ್ದೆ ಬೋಳು. ರವದಿ ಸರಿಸಿ ನೀರು ಬಿಟ್ಟರೆ ಎರಡು ಮೂರು ವಾರಕ್ಕೆಲ್ಲ ಉಳಿದ ಬುಡದಿಂದ ಕೂಳೆ ಚಿಗುರಿರುತ್ತದೆ. ಲಿವರ್ ಕ್ಯಾನ್ಸರಿನ ಔಷಧಿ ಲೆನ್ವಾಟಿನಿಬ್ ಶುರುವಾದ ಮೇಲೆ ಗೆಡ್ಡೆ ಕುಗ್ಗಿದೆ ಎಂದು ತೋರಿಸುವ ಸಿ.ಟಿ. ಸ್ಕ್ಯಾನ್ ಆ ಬೋಳು ಗದ್ದೆಯ ಫೋಟೊ, ಅಷ್ಟೆ. "ಕರಗಿತ್ತಲ್ಲ ಡಾಕ್ಟ್ರೇ, ಮತ್ತೆ ಹೆಂಗೆ ಬಂತು?" ಅನ್ನುವ ಪ್ರಶ್ನೆಗೆ ಉತ್ತರ ಬುಡದಲ್ಲಿದೆ.

ಗೆಡ್ಡೆಯ ಕೋಶಗಳೆಲ್ಲ ಒಂದೇ ಜಾತಿಯವಲ್ಲ. ಬಹುಪಾಲು ಬೆಳೆದು ನಿಂತ ಜಲ್ಲೆಗಳು. ಸ್ವಲ್ಪ ಭಾಗ ಮಾತ್ರ ಹೊಸ ಗೆಡ್ಡೆ ಕಟ್ಟಬಲ್ಲ ಕ್ಯಾನ್ಸರ್ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು. (ಬುಡಕೋಶ ಎಂದು ಹೆಸರಿಟ್ಟಿದ್ದರೆ ನಮ್ಮ ಕಡೆಯವರಿಗೆ ಬೇಗ ಹೊಳೆಯುತ್ತಿತ್ತು.) ಅವುಗಳ ಮೈಮೇಲಿನ ಗುರುತಿನ ಪ್ರೋಟೀನುಗಳು ಎಪ್‌ಕ್ಯಾಮ್, ಸಿಡಿ133, ಸಿಡಿ44, ಸಿಡಿ90, ಸಿಡಿ24, ಸಿಡಿ13. ಸಿಡಿ13 ಇರುವವು ವಿಭಜನೆ ನಿಲ್ಲಿಸಿ ಮಲಗಿರುತ್ತವೆ. ವಿಭಜಿಸುವ ಕೋಶಗಳನ್ನು ಹುಡುಕಿ ಹೊಡೆಯುವ ಔಷಧಿಗೆ ಮಲಗಿದ್ದು ಕಾಣುವುದಿಲ್ಲ.

ಇವನ್ನು ಬದುಕಿಸಿಡುವ ಆಣ್ವಿಕ ದಾರಿ ಒಂದೆರಡಲ್ಲ. ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನನ್ನು ಆರೋಗ್ಯವಂತ ಕೋಶ ಆಗಾಗ ಒಡೆದು ಹಾಕುತ್ತಿರುತ್ತದೆ. ಸುಮಾರು ಮೂರನೇ ಒಂದು ಪಾಲು ಲಿವರ್ ಗೆಡ್ಡೆಗಳಲ್ಲಿ ಅದರ ಜೀನ್ ಕೆಟ್ಟು, ಒಡೆಯಲಾಗದ ಪ್ರೋಟೀನು ಕೋಶಕೇಂದ್ರಕ್ಕೆ ನುಗ್ಗಿ ಬೆಳವಣಿಗೆಯ ಜೀನ್‌ಗಳನ್ನು ಹೊತ್ತಿಸುತ್ತದೆ. ಸಿರೋಸಿಸ್ ಆದ, ಅಂದರೆ ಗಾಯಗಟ್ಟಿ ಗಡುಸಾದ ಲಿವರಿನ ಉರಿಯೂತದಿಂದ ಬರುವ ಐಎಲ್-6 ಎಂಬ ಸಂಕೇತ ಪ್ರೋಟೀನು, ಕೋಶದೊಳಗೆ ಜೀನ್‌ಗಳನ್ನು ಎಬ್ಬಿಸುವ ಸ್ಟ್ಯಾಟ್3 ಪ್ರೋಟೀನನ್ನು ಕೆರಳಿಸುತ್ತದೆ. ಸಿಡಿ24 ಕೂಡ ಅದೇ ಸ್ಟ್ಯಾಟ್3 ಮೂಲಕ ನ್ಯಾನೋಗ್ ಎಂಬ ಕಾಂಡಕೋಶದ ಜೀನನ್ನು ಎಬ್ಬಿಸುತ್ತದೆ. ಇನ್ನು ಔಷಧಿಯ ಸಾಗಾಟ. ಲಿವರ್ ಕ್ಯಾನ್ಸರಿನ ಇನ್ನೊಂದು ಔಷಧಿ ಸೊರಾಫೆನಿಬ್ಬನ್ನು ಕೋಶದ ಒಳಕ್ಕೆ ಬಿಡುವ ಒಸಿಟಿ1 ಬಾಗಿಲು ಕಡಿಮೆಯಾಗುತ್ತದೆ, ಎಬಿಸಿಜಿ2ನಂಥ ಪಂಪುಗಳು ಬಂದ ಔಷಧಿಯನ್ನು ಹೊರಕ್ಕೆ ಎತ್ತಿ ಹಾಕುತ್ತವೆ.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಚಿಕಿತ್ಸೆಯೇ ತಂದಿಡುವ ಎಡವಟ್ಟು. ಸೊರಾಫೆನಿಬ್ ಗೆಡ್ಡೆಗೆ ಹೊಸ ರಕ್ತನಾಳ ಹುಟ್ಟದಂತೆ ತಡೆಯುತ್ತದೆ. ಆಮ್ಲಜನಕ ಇಳಿದಾಗ ಎಚ್‌ಐಎಫ್ ಪ್ರೋಟೀನುಗಳು ಏರಿ, ಉಳಿದ ಕೋಶಗಳನ್ನು ಕಾಂಡಕೋಶದ ಗುಣಕ್ಕೆ ತಳ್ಳುತ್ತವೆ. ಲೆನ್ವಾಟಿನಿಬ್ ಎಫ್‌ಜಿಎಫ್‌ಆರ್ ಎಂಬ ಬೆಳವಣಿಗೆಯ ಸಂಕೇತದ ದಾರಿ ಮುಚ್ಚಿದರೆ ಕೆಲವು ಗೆಡ್ಡೆಗಳು ಇಜಿಎಫ್‌ಆರ್ ದಾರಿ ತೆರೆದುಕೊಳ್ಳುತ್ತವೆ. ಅಂದರೆ ಕೂಳೆ ಮಾತ್ರವಲ್ಲ, ಕಡಿದ ಜಲ್ಲೆಯ ಎರಡು ಕಣ್ಣಿನ ತುಂಡೂ ಸಮಯ ಬಂದರೆ ಬುಡವಾಗುತ್ತದೆ. ಬರೀ ಸಿಡಿ133 ಕೋಶಗಳನ್ನು ಕೊಂದರೆ ಕೆಲಸ ಮುಗಿಯದಿರುವುದು ಇದಕ್ಕೇ.

ಪ್ರಯೋಗಾಲಯದಲ್ಲಿ ಕಾಂಡಕೋಶಗಳನ್ನು ಅಳೆಯಲು ಗೋಳ ಪರೀಕ್ಷೆ ಇದೆ: ಒಂಟಿ ಕೋಶ ಬೆಳೆದು ಗೋಳ ಕಟ್ಟುತ್ತದೆಯೇ ಎಂದು ನೋಡುವುದು. ಕೋಶ ಅಂಟದ ತಟ್ಟೆ, ಸೀರಂ ಇಲ್ಲದ ದ್ರವ, ಅದಕ್ಕೆ ಸಾಮಾನ್ಯವಾಗಿ ಇಜಿಎಫ್ ಮತ್ತು ಎಫ್‌ಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನುಗಳು ಮಿಲಿಲೀಟರಿಗೆ ತಲಾ 20 ನ್ಯಾನೊಗ್ರಾಂ. ವಾರ ಹತ್ತು ದಿನ ಬಿಟ್ಟು 50 ಮೈಕ್ರಾನ್ ದಾಟಿದ ಗೋಳಗಳನ್ನು ಎಣಿಸುವುದು. ಕೆಡುವುದು ಮೊದಲ ದಿನವೇ: ಕೋಶಗಳನ್ನು ದಟ್ಟವಾಗಿ ಬಿತ್ತಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಆ ಮುದ್ದೆಯನ್ನೇ ಗೋಳ ಎಂದು ಬರೆದುಕೊಳ್ಳುತ್ತಾರೆ. 40 ಮೈಕ್ರಾನ್ ಜರಡಿಯಲ್ಲಿ ಸೋಸಿ ತೆಳುವಾಗಿ ಬಿತ್ತಬೇಕು. ಗೋಳ ಒಡೆದು ಎರಡನೇ ಸುತ್ತು ಬಿತ್ತಿದಾಗಲೂ ಎದ್ದರೆ ನಂಬಬಹುದು. ಮೈಮೇಲಿನ ಗುರುತುಗಳನ್ನು ಅವಕ್ಕೆ ಅಂಟುವ ಪ್ರತಿಕಾಯ (ಆಂಟಿಬಾಡಿ) ಹಚ್ಚಿ ಎಣಿಸುವಾಗಲೂ ಎಚ್ಚರ ಬೇಕು. ಕೋಶಗಳನ್ನು ಬಿಡಿಸುವ ಕಿಣ್ವ ಟ್ರಿಪ್ಸಿನ್ ಹೆಚ್ಚು ಹೊತ್ತಾದರೆ ಸಿಡಿ44 ಕತ್ತರಿಸಿಹೋಗುತ್ತದೆ. ಸತ್ತ ಕೋಶಗಳನ್ನು ಬೇರ್ಪಡಿಸದಿದ್ದರೆ ಅವು ಸುಮ್ಮನೆ ಪ್ರತಿಕಾಯ ಹಿಡಿದುಕೊಂಡು ಹುಸಿ ಲೆಕ್ಕ ಕೊಡುತ್ತವೆ.

ಕಾಂಡಕೋಶಕ್ಕೆಂದೇ ಒಪ್ಪಿಗೆ ಪಡೆದ ಲಿವರ್ ಕ್ಯಾನ್ಸರ್ ಔಷಧಿ ಇನ್ನೂ ಇಲ್ಲ. ಬೀಟಾ-ಕ್ಯಾಟೆನಿನ್ ದಾರಿಯನ್ನೇ ಕರುಳಿನ ಒಳಪದರವೂ ಮೂಳೆಯೂ ಬಳಸುವುದರಿಂದ ಅದನ್ನು ಮುಚ್ಚುವುದು ಸುಲಭವಲ್ಲ. "ಸ್ಟೆಮ್ ಸೆಲ್ ಚಿಕಿತ್ಸೆ" ಎಂದು ಜಾಹೀರಾತು ಬರುವುದು ಬೇರೆಯೇ ಸಂಗತಿ, ಅದಕ್ಕೂ ಇದಕ್ಕೂ ನಂಟಿಲ್ಲ.

ಸೊರಾಫೆನಿಬ್‌ನಿಂದ ಏನನ್ನು ಬಯಸಬೇಕು ಅನ್ನುವುದೂ ಗೊತ್ತಿರಲಿ. ಅದು ಗೆಡ್ಡೆ ಕರಗಿಸುವುದು ಅಪರೂಪ, ತಡೆದು ನಿಲ್ಲಿಸುತ್ತದೆ. 2008ರಲ್ಲಿ ಪ್ರಕಟವಾದ ಶಾರ್ಪ್ ಪ್ರಯೋಗದಲ್ಲಿ ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ, ಔಷಧಿಯಿಲ್ಲದ ಹುಸಿ ಮಾತ್ರೆ ನುಂಗಿದವರ 7.9 ತಿಂಗಳಿನಿಂದ ಸೊರಾಫೆನಿಬ್ ಪಡೆದವರಲ್ಲಿ 10.7 ತಿಂಗಳಿಗೆ ಏರಿತು. ಸ್ಕ್ಯಾನಿನಲ್ಲಿ ಅಳತೆ ಇಳಿಯದಿದ್ದರೂ ಗೆಡ್ಡೆಯ ನಡುಭಾಗ ಸತ್ತಿರಬಹುದು. ಹಾಗಾಗಿ ಸೆಂಟಿಮೀಟರ್ ಮಾತ್ರ ನೋಡದೆ, ಸ್ಕ್ಯಾನಿನ ಅಪಧಮನಿ ಹಂತದಲ್ಲಿ (ಚುಚ್ಚಿದ ಕಾಂಟ್ರಾಸ್ಟ್ ದ್ರವ ಅಪಧಮನಿಗಳಲ್ಲಿರುವ ಹೊತ್ತು) ಹೊಳೆಯುವ ಜೀವಂತ ಭಾಗ ಎಷ್ಟಿದೆ ಎಂದು ರೇಡಿಯಾಲಜಿಸ್ಟರನ್ನು ಕೇಳಬೇಕು.

ಔಷಧಿ ಹಿಡಿಯುತ್ತಿಲ್ಲ ಎಂದು ಬರೆಯುವ ಮೊದಲು ಮಾತ್ರೆ ಹೊಟ್ಟೆ ಸೇರುವ ರೀತಿ ವಿಚಾರಿಸಿ. ಸೊರಾಫೆನಿಬ್ಬಿನ ಪೂರ್ಣ ಪ್ರಮಾಣ 200 ಮಿಲಿಗ್ರಾಮಿನ ಎರಡು ಮಾತ್ರೆ, ದಿನಕ್ಕೆ ಎರಡು ಸಲ. ಜಿಡ್ಡಿನ ಊಟದ ಜತೆ ನುಂಗಿದರೆ ದೇಹಕ್ಕೆ ಸೇರುವುದು 29% ಕಡಿಮೆ. ಟಿ.ಬಿ.ಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ 37% ಇಳಿಯುತ್ತದೆ, ಆದರೂ ಎರಡೂ ಚೀಟಿಗಳನ್ನು ಒಟ್ಟಿಗೆ ತೋರಿಸುವವರು ಕಡಿಮೆ. ಅಂಗೈ ಅಂಗಾಲು ಸುಲಿದು ಉರಿ ಬಂದಾಗ ಹೇಳದೆಯೇ ಮಾತ್ರೆ ಬಿಡುವವರೂ ಇದ್ದಾರೆ. ಡಾಕ್ಟರಿಗೆ ತಿಳಿಸಿದರೆ ಪ್ರಮಾಣ ಇಳಿಸಿಯೋ ಕೆಲದಿನ ಬಿಡುವು ಕೊಟ್ಟೋ ಮುಂದುವರಿಸಬಹುದು. ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು, ಇಲ್ಲವೇ ಊಟವಾಗಿ ಎರಡು ಗಂಟೆ ಬಿಟ್ಟು ಮಾತ್ರೆ. ಮದ್ದೂರು ವಡೆಯೂ ಈ ಲೆಕ್ಕದಲ್ಲಿ ಊಟವೇ.