ಅಡಿಕೆಯ ಕೊಳೆಗೂ ಕಡಲ ಪಾಚಿಗೂ ಇರುವ ನೆಂಟಸ್ತಿಕೆ

ಕಳೆದ ಆಟಿ ತಿಂಗಳ ಜೋರು ಮಳೆಯಲ್ಲಿ ಮಂಗಳೂರಿನಿಂದ ಕಿನ್ನಿಗೋಳಿಯ ನಮ್ಮ ತೋಟಕ್ಕೆ ಹೋಗಿದ್ದಾಗ ನೆರೆಯ ಹಿರಿಯರೊಬ್ಬರು ಒಂದು ಬುಟ್ಟಿ ಕೊಳೆತ ಅಡಿಕೆ ತಂದು ಜಗಲಿಯಲ್ಲಿ ಸುರಿದರು. ಮಳೆಗೆ ಮುಂಚೆ ಒಂದು ಸಲ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ದ್ರಾವಣ, ಸಿಂಪಡಿಸಿದ್ದರಂತೆ. ಎರಡನೇ ಸಲಕ್ಕೆ ಮಳೆ ಬಿಡುವು ಕೊಡಲಿಲ್ಲ, ಮರ ಹತ್ತುವವರೂ ಸಿಗಲಿಲ್ಲ. ಕೊನೆಗೆ ಅಂಗಡಿಯವರು "ಇದು ಎಲ್ಲ ಫಂಗಸ್ಸಿಗೂ ಆಗ್ತದೆ" ಎಂದು ಕೊಟ್ಟ ಪ್ರೊಪಿಕೊನಜೋಲನ್ನು, ಸಿಕ್ಕಿದ ಒಂದು ದಿನದ ಬಿಸಿಲಿನಲ್ಲಿ ಸಿಂಪಡಿಸಿದ್ದರು. ಎಲೆಚುಕ್ಕಿ ರೋಗಕ್ಕೆ ಕೊಡುವ ಮದ್ದು ಅದು. ವಾರ ಕಳೆಯುವಷ್ಟರಲ್ಲಿ ಮರದ ಬುಡವೆಲ್ಲ ಕಾಯಿ.

"ಚಂದ್ರನಲ್ಲಿ ಇಳಿಯುವವರಿಗೆ ಈ ಕೊಳೆ ಒಂದನ್ನು ನಿಲ್ಲಿಸ್ಲಿಕ್ಕೆ ಆಗುದಿಲ್ವಾ ಮಾಷ್ಟ್ರೇ? ಜನರ ಕಷ್ಟಕ್ಕೆ ಒದಗದ ವಿಜ್ಞಾನ ಎಂತಕ್ಕೆ?"

ನಾನು ಸಸ್ಯಶಾಸ್ತ್ರ ಕಲಿಸಿದವನು. ವರ್ಷದ ಬೆಳೆ ಕಣ್ಣೆದುರೇ ನೆಲಕ್ಕೆ ಬಿದ್ದವರು ಹೀಗೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ ಎಂದೇ ನನಗೆ ಅನಿಸುತ್ತದೆ. ಆದರೆ ಅವರ ಮದ್ದು ಯಾಕೆ ಸೋತಿತು ಎಂಬುದಕ್ಕೆ ಕಾರಣ, ಯಾರ ಹೊಟ್ಟೆಯನ್ನೂ ತುಂಬಿಸದ ಬೇರೊಂದು ಪ್ರಶ್ನೆಯ ಉತ್ತರದಲ್ಲಿ ಇದೆ.

ಕೊಳೆರೋಗ ತರುವ ಜೀವಿಯ ಹೆಸರು ಫೈಟಾಪ್ತೊರಾ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಹೊಲಗಳನ್ನು ಕೊಳೆಸಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಬರಗಾಲ ತಂದದ್ದು ಇದೇ ಕುಲದ ಇನ್ನೊಂದು ಜಾತಿ. ಆಗ ಹೆಚ್ಚಿನವರು ಮಳೆಯನ್ನು, ಕೆಟ್ಟ ಗಾಳಿಯನ್ನು ದೂರಿದರು. ಗಿಡ ಕೊಳೆತ ಮೇಲೆ ಬೂಷ್ಟು ಬರುತ್ತದೆಯೇ ಹೊರತು ಬೂಷ್ಟಿನಿಂದ ಗಿಡ ಕೊಳೆಯುವುದಿಲ್ಲ ಎಂಬ ವಾದ ಬಲವಾಗಿತ್ತು. ಶಿಲೀಂಧ್ರಗಳ ಬದುಕಿನ ಹಿಂದೆ ಬಿದ್ದಿದ್ದ ಜರ್ಮನಿಯ ಆಂಟನ್ ಡಿ ಬೇರಿ 1861ರಲ್ಲಿ ಆರೋಗ್ಯವಂತ ಗಿಡಕ್ಕೆ ಅದರ ಬೀಜಕಣ ಹಚ್ಚಿ, ರೋಗ ಬರಿಸಿ ತೋರಿಸಿದರು. 1876ರಲ್ಲಿ ಅದಕ್ಕೆ ಫೈಟಾಪ್ತೊರಾ, ಅಂದರೆ ಗ್ರೀಕಿನಲ್ಲಿ 'ಗಿಡ ನಾಶಕ', ಎಂದು ಹೆಸರಿಟ್ಟರು. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆಯ ಬಗ್ಗೆ ಬರೆಯುವಾಗ ಗುರುತಿಸಿದ್ದು ಇದೇ ಕುಲವನ್ನು.

ಬೋರ್ಡೋ ಬಂದ ದಾರಿಯೇ ಬೇರೆ. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕೀಳಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟುರೋಗ ಇಲ್ಲದ್ದನ್ನು 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಕಂಡರು. ನಾವು ಇಂದೂ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಬೆರೆಸುವುದು ಅದನ್ನೇ. ಬೆರೆಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವಲ್ಲ, ಅಲಗಿಗೆ ಕೆಂಪು ಬಂದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ.

ಇನ್ನು ಆ ಬೇರೊಂದು ಪ್ರಶ್ನೆ: ಫೈಟಾಪ್ತೊರಾ ಯಾರ ನೆಂಟ? ನೋಡಲು ಶಿಲೀಂಧ್ರವೇ. ಆದರೆ ಅದರ ಕೋಶದ ಗೋಡೆಯಲ್ಲಿ ಶಿಲೀಂಧ್ರಗಳಲ್ಲಿರುವ ಕೈಟಿನ್ನಿಗಿಂತ ಹೆಚ್ಚಾಗಿ ಗಿಡಗಳಲ್ಲಿರುವ ಸೆಲ್ಯುಲೋಸ್ ಇದೆ. ನೀರಿನಲ್ಲಿ ಈಜುವ ಅದರ ಮರಿಗಳಿಗೆ ಎರಡು ಬಾಲ, ಒಂದು ನುಣುಪು, ಇನ್ನೊಂದಕ್ಕೆ ನವಿರು ರೋಮ. ಅಂಥ ಬಾಲ ಇರುವುದು ಸಮುದ್ರದ ಬಂಡೆಗಳಿಗೆ ಅಂಟಿ ಬೆಳೆಯುವ ಕಂದು ಪಾಚಿಯ ಬೀಜಕಣಗಳಿಗೆ. ಜೀನುಗಳನ್ನು ಹೋಲಿಸಿ ನೋಡಿದಾಗ ಸಂಶಯ ಉಳಿಯಲಿಲ್ಲ. ನಮ್ಮ ಅಡಿಕೆ ಕೊಳೆಸುವುದು ಅಣಬೆಯ ದಾಯಾದಿ ಅಲ್ಲ, ಕಡಲ ಪಾಚಿಯ ದಾಯಾದಿ. ಬಾಲದ ರೋಮ ನೋಡುತ್ತ ಕೂತವರನ್ನು "ಇದರಿಂದ ಜನರಿಗೇನು?" ಎಂದು ಕೇಳಿದ್ದರೆ ಅವರ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಪ್ರೊಪಿಕೊನಜೋಲ್ ಕೆಲಸ ಮಾಡುವುದು ಶಿಲೀಂಧ್ರ ತನ್ನ ಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ತಯಾರಿಸುವುದನ್ನು ತಡೆದು. ಫೈಟಾಪ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಇಲ್ಲದ ಬಾಗಿಲಿಗೆ ಬೀಗ ಹಾಕಿದ ಹಾಗಾಯಿತು ನಮ್ಮ ನೆರೆಯವರ ಖರ್ಚು.

ನನಗೆ ನೋವಾದದ್ದು ಇಲ್ಲಿ. ಈ ತಿಳಿವಳಿಕೆ ಹೊಸದಲ್ಲ, ಎಷ್ಟೋ ವರ್ಷದಿಂದ ಪಾಠಪುಸ್ತಕದಲ್ಲಿದೆ. ನಾನೇ ತರಗತಿಯಲ್ಲಿ ಹೇಳಿದ್ದೇನೆ. ಅದು ಮದ್ದಿನ ಅಂಗಡಿಯ ಮೇಜಿನವರೆಗೆ ಬಂದಿಲ್ಲ. ಜನರ ಬದುಕು ಹಸನಾಗಬೇಕು ಎಂಬ ಹಟವನ್ನು ನಾವು ಹಿಡಿಯಬೇಕಾದದ್ದು ಈ ದಾರಿಯ ಮೇಲೆ, ಪ್ರಯೋಗಾಲಯದಿಂದ ತೋಟಕ್ಕೆ ಬರುವ ದಾರಿಯ ಮೇಲೆ. ಪ್ರಶ್ನೆ ಹುಟ್ಟುವ ಜಾಗದಲ್ಲಿ ಆ ಹಟ ಹಿಡಿದರೆ ಬಾಲದ ರೋಮವನ್ನು ಯಾರೂ ನೋಡುವುದಿಲ್ಲ. ಗುರಿ ಇದ್ದ ಮಾತ್ರಕ್ಕೆ ಮದ್ದು ಸಿಗುವುದೂ ಇಲ್ಲ. ಸುಳ್ಯದ ಸಂಪಾಜೆ, ಅರಂತೋಡು ಕಡೆಯವರನ್ನು ಕೇಳಿ. ಅಡಿಕೆಯ ಹಳದಿ ಎಲೆ ರೋಗಕ್ಕೆ ಮದ್ದು ಬೇಕು ಎಂಬುದರಲ್ಲಿ ಯಾರಿಗೂ ಎರಡು ಮಾತಿಲ್ಲ. ಅದಕ್ಕೆ ಕಾರಣ ಎನ್ನುವ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದೇ ಕಷ್ಟ. ಅದರ ಬದುಕು ಇನ್ನಷ್ಟು ತಿಳಿಯದೆ ಮುಂದೆ ಹೋಗುವಂತಿಲ್ಲ.

ಇಷ್ಟನ್ನೂ ಹಿರಿಯರಿಗೆ ಮಾತಿನಲ್ಲಿ ಹೇಳಲಿಲ್ಲ. ಅವರು ತಂದ ಕಾಯಿಯ ಮೇಲಿನ ಬಿಳಿ ಬೂಷ್ಟನ್ನು ಮಳೆನೀರಿಗೆ ಹಾಕಿ, ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ಹೊರತೆಗೆದೆ. ಚಹಾ ಕುಡಿದು, ನನ್ನ ಹಳೆಯ ಸೂಕ್ಷ್ಮದರ್ಶಕದಡಿ ಒಂದು ಹನಿ ಇಟ್ಟೆ. ನಿಂಬೆಹಣ್ಣಿನ ಆಕಾರದ ಚೀಲಗಳು. ಒಂದರ ತುದಿ ಬಿರಿದು ಚುಕ್ಕಿಗಳು ಒಂದೊಂದಾಗಿ ಹೊರಬಿದ್ದು, ದಿಕ್ಕು ಬದಲಿಸುತ್ತ ಓಡತೊಡಗಿದವು. ಹಿರಿಯರು ಕಣ್ಣು ತೆಗೆಯಲಿಲ್ಲ.

"ಈಜುದಾ ಇದು? ಹಾಗಾದ್ರೆ ಮಳೆ ಬಂದ ಹಾಗೆ ಒಂದು ಕಾಯಿಯಿಂದ ಇನ್ನೊಂದಕ್ಕೆ ಹೋಗುದು ಹೀಗೆಯಾ?"

ಹೌದೆಂದೆ. ತುತ್ತು ಕೊಲ್ಲುವುದು ಈ ಈಜುವವರನ್ನೇ, ಕಾಯಿಯ ಒಳಗೆ ಹೊಕ್ಕ ಮೇಲೆ ಅದು ತಲುಪುವುದಿಲ್ಲ ಎಂದೂ ಹೇಳಿದೆ.

"ಮತ್ತೆ ಬೇಸಗೆಯಲ್ಲಿ ಎಲ್ಲಿರ್ತದೆ?"

ಕೊಳೆತು ಒಣಗಿದ ಕಾಯಿಗಳಲ್ಲಿ, ಮರದ ಮೇಲೆಯೇ ಉಳಿದ ಒಣ ಗೊನೆಗಳಲ್ಲಿ ಎಂದೆ. ಅವರು ಮತ್ತೊಮ್ಮೆ ಬಗ್ಗಿ ನೋಡಿದರು. ಆಮೇಲೆ ಜಗಲಿಯಲ್ಲಿದ್ದ ಕಾಯಿಗಳನ್ನು ಒಂದನ್ನೂ ಬಿಡದೆ ಹೆಕ್ಕಿ ಬುಟ್ಟಿಗೆ ತುಂಬಿದರು. ಗೊಬ್ಬರದ ಗುಂಡಿಗೆ ಹಾಕಬೇಕೆಂದಿದ್ದವರು ಹಿತ್ತಲಿಗೆ ಸುತ್ತಿಹೋಗಿ, ನಮ್ಮ ಬಚ್ಚಲೊಲೆಯ ಬದಿಗೆ ಒಣಗಲಿಕ್ಕೆಂದು ಹರಡಿದರು.