ಪಟ್ಟಿ ಹಿಡಿದು ಬಂದವರಿಗೆಲ್ಲ ದುಡ್ಡು ಕೊಟ್ಟರೆ ಬಂಗಾರದ ಅಂಗಡಿಗೆ ಗಿರಾಕಿ ಬರ್ತಾರಾ?

ಪ್ರಶ್ನೆ: ರಾಯಚೂರಿನಲ್ಲಿ ನಮ್ಮದು ಸಣ್ಣ ಬಂಗಾರದ ಅಂಗಡಿ, ಅಪ್ಪನ ಕಾಲದ್ದು. ಈಗ ದೊಡ್ಡ ಶೋರೂಂಗಳು ಬಂದಿವೆ, ಅವರ ಹಾಗೆ ಟಿವಿಯಲ್ಲಿ ಜಾಹೀರಾತು ಹಾಕೋದು ನಮ್ಮಿಂದ ಆಗಲ್ಲ. ಆದರೆ ಜಾತ್ರೆ, ರಕ್ತದಾನ, ಸಾಮೂಹಿಕ ಮದುವೆ, ಗಣಪತಿ ಅಂತ ವರ್ಷಪೂರ್ತಿ ಯಾರಾದರೂ ಪಟ್ಟಿ ಹಿಡಿದು ಬರ್ತಾನೇ ಇರ್ತಾರೆ. ಈ ದುಡ್ಡಿನಿಂದ ನಿಜವಾಗಿ ಗಿರಾಕಿ ಬರ್ತಾರಾ, ಇಲ್ಲ ಫ್ಲೆಕ್ಸ್‌ನಲ್ಲಿ ಹೆಸರಷ್ಟೇನಾ?

ಉತ್ತರ: ಬರ್ತಾರೆ. ಆದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಡ್ತಾ ಹೋದರೆ ಬರಲ್ಲ.

ಫ್ಲೆಕ್ಸ್ ವಿಷಯ ಮೊದಲು ಮುಗಿಸಿಬಿಡೋಣ. ಮೇಲೆ ಸ್ವಾಮೀಜಿ, ಮಧ್ಯದಲ್ಲಿ ಶಾಸಕರು, ಅದರ ಕೆಳಗೆ ನಲವತ್ತು ಜನರ ಪಾಸ್‌ಪೋರ್ಟ್ ಸೈಜಿನ ಫೋಟೋ, ಎಲ್ಲಕ್ಕಿಂತ ಕೆಳಗೆ ನಿಮ್ಮ ಅಂಗಡಿಯ ಹೆಸರು. ಅದನ್ನ ಓದೋದು ನೀವು ಮತ್ತೆ ನಿಮ್ಮ ಭಾವಮೈದ, ಅಷ್ಟೇ. ಹೊಸ ಅಂಗಡಿಗೆ ಒಂದು ತೊಲ ತಗೊಳ್ಳೋಕೆ ಬರೋ ಹೆಣ್ಣುಮಗಳಿಗೆ ಬೇಕಾಗಿರೋದು ಒಂದೇ ಒಂದು ಧೈರ್ಯ: ಇವರು ತೂಕದಲ್ಲಿ, ಕ್ಯಾರೆಟ್‌ನಲ್ಲಿ ಮೋಸ ಮಾಡಲ್ಲ ಅನ್ನೋದು. ಹಾಗಾಗಿ ನೀವು ದುಡ್ಡು ಹಾಕೋ ಕಾರ್ಯಕ್ರಮದಲ್ಲಿ ನಿಮ್ಮ ಕೆಲಸ, ನಿಮ್ಮ ಪ್ರಾಮಾಣಿಕತೆ ಜನರ ಕಣ್ಣಿಗೆ ಬೀಳಬೇಕು. ಬಂಗಾರಕ್ಕೂ ಕಾರ್ಯಕ್ರಮಕ್ಕೂ ಸಂಬಂಧವೇ ಇಲ್ಲದಿದ್ದರೆ ಕೊಡಿ, ಪುಣ್ಯ ಬರಲಿ, ಆದರೆ ಗಿರಾಕಿಯ ಲೆಕ್ಕದಲ್ಲಿ ಅದನ್ನ ಬರೆಯಬೇಡಿ.

ನಮ್ಮ ಕಡೆ ಬಂಗಾರದ ಅಂಗಡಿಗೆ ಹೇಳಿ ಮಾಡಿಸಿದಂಥದ್ದು ಸಾಮೂಹಿಕ ಮದುವೆ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಮಠ, ಜಾತ್ರೆ, ಸಮಾಜದ ಸಂಘ ಅಂತ ಎಲ್ಲೋ ಒಂದು ಕಡೆ ನಡೀತಾನೇ ಇರುತ್ತೆ. ಅಲ್ಲಿ ಊಟದ ಖರ್ಚು ಒಬ್ಬರು, ಹಂದರದ ಖರ್ಚು ಇನ್ನೊಬ್ಬರು ಹೊತ್ತುಕೊಳ್ತಾರೆ. ನೀವು ತಾಳಿ ಮತ್ತೆ ಕಾಲುಂಗುರ ಹಿಡ್ಕೊಳ್ಳಿ. ಅನ್ನದ ಋಣ ಆ ಹೊತ್ತಿಗೆ ಮುಗಿಯುತ್ತೆ, ತಾಳಿ ಮಾತ್ರ ಕೊರಳಲ್ಲೇ ಇರುತ್ತೆ. ಮುಂದೆ ಆ ಮನೆಯಲ್ಲಿ ಗುಂಡು ಪೋಣಿಸಬೇಕಾದರೂ, ಮಗುವಿಗೆ ಓಲೆ ಮಾಡಿಸಬೇಕಾದರೂ ಮೊದಲು ನೆನಪಾಗೋದು ನಿಮ್ಮ ಅಂಗಡಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇಂಥ ಕಡೆ ಕೊಡೋ ತಾಳಿ ಸಾಮಾನ್ಯವಾಗಿ ಹಗುರ. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಸರ್ಕಾರಿ ಗುರುತು, ಕಡ್ಡಾಯ ಅಲ್ಲ. ಬೇರೆ ಒಡವೆಗೆ 2023ರ ಏಪ್ರಿಲ್ 1ರಿಂದ ಆರು ಅಂಕಿ-ಅಕ್ಷರದ ಎಚ್‌ಯುಐಡಿ (ಒಂದೊಂದು ಒಡವೆಗೂ ಬೇರೆ ಬೇರೆ ಇರೋ ಹಾಲ್‌ಮಾರ್ಕ್ ಸಂಖ್ಯೆ) ಇಲ್ಲದೆ ಮಾರೋ ಹಾಗಿಲ್ಲ ಅನ್ನೋದು ಜನಕ್ಕೂ ಗೊತ್ತಾಗಿದೆ, ಹಾಗಾಗಿ ಗುರುತಿಲ್ಲದ ತಾಳಿ ನೋಡಿ 'ಪುಕ್ಕಟೆ ಬಂದಿದ್ದು, ಏನಿರುತ್ತೋ' ಅಂತ ಯಾರೋ ಒಬ್ಬರು ಅಂದೇ ಅಂತಾರೆ. ಕಾನೂನು ಕೇಳದಿದ್ದರೂ ನೀವು ಪ್ರತಿ ಜೋಡಿಗೆ ಒಂದು ಚೀಟಿ ಕೊಡಿ. ಅದರಲ್ಲಿ ತೂಕ, ಕ್ಯಾರೆಟ್, ಅಂಗಡಿಯ ಸೀಲು, ಬದಲಿಸಬೇಕಾದರೆ ಯಾವ ಲೆಕ್ಕದಲ್ಲಿ ವಾಪಸ್ ತಗೊಳ್ತೀರಿ ಅನ್ನೋದು ಇರಲಿ. ಆ ಚೀಟಿಗೆ ಆಗೋ ಖರ್ಚು ಏನೂ ಅಲ್ಲ, ಮಾಡೋ ಕೆಲಸ ಮಾತ್ರ ಹತ್ತು ಫ್ಲೆಕ್ಸಿಗಿಂತ ಜಾಸ್ತಿ.

ಇನ್ನೊಂದು, ವಯಸ್ಸು. ನಮ್ಮ ಭಾಗದಲ್ಲಿ ಬಾಲ್ಯವಿವಾಹ ಇನ್ನೂ ನಿಂತಿಲ್ಲ, ಮುಚ್ಚಿಟ್ಟು ಏನು ಪ್ರಯೋಜನ? 2006ರ ಕಾಯ್ದೆ ಪ್ರಕಾರ ಇಂಥ ಮದುವೆ ಮಾಡಿಸಿದವರಿಗಷ್ಟೇ ಅಲ್ಲ, ಪ್ರೋತ್ಸಾಹ ಕೊಟ್ಟವರಿಗೂ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಹುಡುಗಿಗೆ 18, ಹುಡುಗನಿಗೆ 21 ತುಂಬಿರೋ ದಾಖಲೆಯನ್ನ ಸಂಘಟಕರು ನೋಡಿದ್ದಾರಾ ಅಂತ ದುಡ್ಡು ಕೊಡೋ ಮುಂಚೆ ಕೇಳಿ. 'ಅದೆಲ್ಲ ನೋಡ್ಕೊಂತೀವಿ ಬಿಡ್ರೀ ಸಾವಕಾರ್ರೇ' ಅಂದರೆ, ದಾಖಲೆ ತೋರಿಸೋವರೆಗೂ ತಾಳಿ ಅಂಗಡಿಯಲ್ಲೇ ಇರಲಿ.

ಜಾತ್ರೆಗೆ ಬರೋಣ. ಕೊಪ್ಪಳದ ಗವಿಮಠದ ಜಾತ್ರೆ ನೋಡಿದವರಿಗೆ ಗೊತ್ತು, ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್‌ನಲ್ಲಿ ಜೋಳದ ರೊಟ್ಟಿ ಬರ್ತವೆ, ದಾಸೋಹಕ್ಕೆ ಯಾರು ಎಷ್ಟು ಕೊಟ್ಟರು ಅಂತ ಕೇಳೋರೇ ಇಲ್ಲ. ಅಂಥ ಕಡೆ ಅಂಗಡಿ ಹೆಸರು ಮೆರೆಸೋಕೆ ಹೋದರೆ ಸಣ್ಣತನ ಅನ್ನಿಸುತ್ತೆ. ನಿಮ್ಮ ಊರಿನ ಚಿಕ್ಕ ಜಾತ್ರೆಯಲ್ಲಿ ಸಂಘಟಕರ ಒಪ್ಪಿಗೆ ತಗೊಂಡು ಒಂದು ಮೇಜು ಹಾಕಿ. ಹಳೇ ಒಡವೆ ತೊಳೆದು ಕೊಡೋದು, ಕೊಂಡಿ ಸಡಿಲ ಆಗಿದ್ದರೆ ಪತ್ತಾರರನ್ನ ಕೂರಿಸಿ ಬಿಗಿ ಮಾಡಿಸೋದು, ಎಚ್‌ಯುಐಡಿ ಸಂಖ್ಯೆಯನ್ನ ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡೋದು ಹೇಗೆ ಅಂತ ತೋರಿಸೋದು. ಒಡವೆ ಬೇರೆ ಅಂಗಡಿಯದ್ದಾದರೂ ಪರವಾಗಿಲ್ಲ. ಅಲ್ಲಿ ಏನೂ ಮಾರಬೇಡಿ, ರೇಟಿನ ಬೋರ್ಡೂ ಬೇಡ. ಒಂದು ಡಬ್ಬಿ ಇಟ್ಟು, ಇಷ್ಟ ಇದ್ದವರು ಹಾಕಿದ ದುಡ್ಡನ್ನ ಸರ್ಕಾರಿ ಶಾಲೆಗೋ ದಾಸೋಹಕ್ಕೋ ಕೊಡ್ತೀವಿ ಅಂತ ಬರೆದಿಡಿ, ಕೊಟ್ಟ ಮೇಲೆ ರಸೀದಿಯನ್ನ ಅಂಗಡಿಯಲ್ಲಿ ಅಂಟಿಸಿ.

ಸಮಯ ನೋಡಿ ದುಡ್ಡು ಹಾಕಿ. ರಾಯಚೂರಿನಲ್ಲಿ ಕಾರ ಹುಣ್ಣಿಮೆಗೆ ಮುನ್ನೂರು ಕಾಪು ಸಮಾಜದವರು ಮಾಡೋ ಮುಂಗಾರು ಹಬ್ಬಕ್ಕೆ, ಎತ್ತುಗಳು ಕಲ್ಲು ಎಳೆಯೋ ಸ್ಪರ್ಧೆಗೆ ಜನ ಕಿಕ್ಕಿರಿದು ಸೇರ್ತಾರೆ, ನಿಜ. ಆದರೆ ಅದು ರೈತ ಬೀಜ-ಗೊಬ್ಬರಕ್ಕೆ ದುಡ್ಡು ಹೊಂದಿಸೋ ಹೊತ್ತು, ಬಂಗಾರ ಕೊಳ್ಳೋದಕ್ಕಿಂತ ಅಡವಿಡೋದೇ ಹೆಚ್ಚು. ಹತ್ತಿ, ಭತ್ತ ಮಾರಿದ ಮೇಲೆ, ಅಂದರೆ ಸಂಕ್ರಾಂತಿ ಸುಮಾರಿನಿಂದ ಬೇಸಿಗೆ ಮದುವೆಗಳವರೆಗೆ ಕೈಯಲ್ಲಿ ಕಾಸು ಆಡುತ್ತೆ. ನಿಮ್ಮ ದೊಡ್ಡ ಖರ್ಚು ಆ ತಿಂಗಳುಗಳಲ್ಲಿರಲಿ. (ಹಟ್ಟಿ ಬಂಗಾರದ ಗಣಿ ನಮ್ಮ ಜಿಲ್ಲೆಯಲ್ಲೇ ಇದ್ದರೂ ನಮಗೆ ರೇಟಲ್ಲಿ ಒಂದು ರೂಪಾಯಿ ಕಡಿಮೆ ಇಲ್ಲ, ಅದು ಬೇರೆ ಮಾತು.)

ರಕ್ತದಾನ ಶಿಬಿರಕ್ಕೆ ಹಣ್ಣಿನ ರಸ, ಬಿಸ್ಕತ್ತು, ಪ್ರಮಾಣಪತ್ರ ಕೊಡಿಸಿ. ಬೆಳ್ಳಿ ನಾಣ್ಯ ಕೊಡೋ ಆಸೆ ಬಂದೇ ಬರುತ್ತೆ, ಬೇಡ. ನಮ್ಮ ದೇಶದಲ್ಲಿ ರಕ್ತ ಮಾರೋದು 1998ರಿಂದ ನಿಷೇಧ, ಬೆಲೆಬಾಳೋ ಉಡುಗೊರೆ ತೋರಿಸಿ ದಾನಿಗಳನ್ನ ಕರೆಯೋದೂ ಸ್ವಯಂಪ್ರೇರಿತ ದಾನ ಆಗಲ್ಲ. ಒಮ್ಮೆ ರಕ್ತ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಡಬೇಕು, ನಾಣ್ಯದ ಆಸೆಗೆ ಸುಳ್ಳು ಹೇಳಿ ಕೈ ಚಾಚೋರೂ ಬರ್ತಾರೆ. ಹಾಗೇ ಟಿಕೆಟ್ ಮಾರಿ ಬಂಗಾರದ ಲಕ್ಕಿ ಡ್ರಾ ಮಾಡೋಣ ಅಂತ ಯಾರಾದರೂ ಬಂದರೆ, ಕರ್ನಾಟಕದಲ್ಲಿ ಲಾಟರಿ ಬಂದ್ ಆಗಿ ಎಷ್ಟೋ ವರ್ಷ ಆಯ್ತು ಅಂತ ನೆನಪಿಸಿ, ಚಹಾ ಕುಡಿಸಿ ಕಳಿಸಿ.

ಇನ್ನು ಲೆಕ್ಕ. 2019ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿ ಬಗ್ಗೆ ಒಂದು ಸುತ್ತೋಲೆ ಬಂತು. ಧರ್ಮಸಂಸ್ಥೆಗೆ ಕೊಟ್ಟ ದಾನಕ್ಕೆ ಬರೀ 'ಇಂಥವರು ತಂದೆಯ ನೆನಪಿಗೆ ಕೊಟ್ಟಿದ್ದು' ಅಂತ ಹೆಸರು ಬರೆದರೆ ಅದಕ್ಕೆ ಜಿಎಸ್‌ಟಿ ಇಲ್ಲ, ಅದೇ ಬೋರ್ಡು ವ್ಯಾಪಾರದ ಪ್ರಚಾರ ಆದರೆ ಜಿಎಸ್‌ಟಿ ಲೆಕ್ಕಕ್ಕೆ ಬರುತ್ತೆ. ಯಾವುದು ದಾನ, ಯಾವುದು ಜಾಹೀರಾತು ಅಂತ ಮೊದಲೇ ತೀರ್ಮಾನ ಮಾಡಿ. ಜಾಹೀರಾತಾದರೆ ಬಿಲ್ಲು ತಗೊಂಡು ಅಂಗಡಿ ಖರ್ಚಿಗೆ ಹಾಕಬಹುದು. ದಾನವಾದರೆ, ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸೋ ನೋಂದಣಿ (80ಜಿ ಅಂತಾರೆ) ಇರೋ ಸಂಸ್ಥೆಯ ರಸೀದಿ ಬೇಕು, ನಗದು 2,000 ರೂಪಾಯಿ ದಾಟಿದರೆ ವಿನಾಯಿತಿ ಸಿಗಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರೋರಿಗಂತೂ ಇಲ್ಲವೇ ಇಲ್ಲ. ಅಂಗಡಿ ಸ್ಟಾಕಿನಿಂದ ತಾಳಿ ಪುಕ್ಕಟೆ ಕೊಟ್ಟರೆ ಆ ಬಂಗಾರದ ಮೇಲೆ ತಗೊಂಡ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನ ತೆರಿಗೆಯಲ್ಲಿ ಕಳೆದುಕೊಂಡಿದ್ದು) ವಾಪಸ್ ಕಟ್ಟಬೇಕಾಗುತ್ತೆ. ತಾಳಿ ತೂಗೋ ಮುಂಚೆಯೇ ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿ.

ಗಿರಾಕಿ ಬಂದರೋ ಇಲ್ಲವೋ ತಿಳಿಯೋದು ಹೇಗೆ? ಹೊಸಬರು ಬಂದಾಗ 'ಯಾರು ಹೇಳಿದ್ರು ನಮ್ಮ ಅಂಗಡಿ?' ಅಂತ ಕೇಳಿ, ಬಿಲ್ಲಿನ ಹಿಂದೆ ಬರ್ಕೊಳ್ಳಿ. ಒಂದು ಮದುವೆ ಕಾರ್ಯಕ್ರಮಕ್ಕೆ 50,000 ಹಾಕಿದ್ದೀರಿ, ಒಂದು ಖರೀದಿಯಲ್ಲಿ ಎಲ್ಲ ಕಳೆದು 2,500 ಉಳಿಯುತ್ತೆ ಅಂದ್ಕೊಳ್ಳಿ. ಇಪ್ಪತ್ತು ಹೊಸ ಖರೀದಿ ಆದರೆ ಹಾಕಿದ್ದು ವಾಪಸ್. ಅದು ಒಂದು ತಿಂಗಳಲ್ಲಿ ಆಗಲ್ಲ, ಎರಡು ಮದುವೆ ಸೀಸನ್ ಬಿಡಿ. ಫೋನ್ ನಂಬರ್ ಕೊಟ್ಟರು ಅಂತ ಕೇಳದೆ ವಾಟ್ಸಾಪ್ ಗುಂಪಿಗೆ ಸೇರಿಸಬೇಡಿ, ದಿನಾ ಬೆಳಗ್ಗೆ ಬಂಗಾರದ ರೇಟಿನ ಜೊತೆ ಶುಭೋದಯ ಬಂದರೆ ಯಾರಿಗೆ ತಾನೆ ಸಿಟ್ಟು ಬರಲ್ಲ?

ಉಳಿದ ಪಟ್ಟಿಯವರಿಗೆ ಏನು ಹೇಳೋದು ಅನ್ನೋ ಸಂಕಟ ಇದೆ, ಅಕ್ಕಪಕ್ಕದ ಜನ, ಮುಖ ಮುರಿಯೋಕಾಗಲ್ಲ. ಯುಗಾದಿಗೇ ವರ್ಷದ ಮೊತ್ತ ಗೊತ್ತು ಮಾಡಿ, ಮುಕ್ಕಾಲು ಪಾಲು ಒಂದೇ ಕಾರ್ಯಕ್ರಮಕ್ಕೆ ಎತ್ತಿಡಿ, ಉಳಿದ ಕಾಲು ಭಾಗದಲ್ಲಿ ಬಂದವರಿಗೆ ನೂರೋ ಇನ್ನೂರೋ ಬರೆಯಿರಿ. 'ಈ ಸಲ ತಾಳಿ ನಮ್ಮದು' ಅನ್ನಿ. ಮೊದಲ ವರ್ಷ ಗೊಣಗ್ತಾರೆ, ಎರಡನೇ ವರ್ಷ ಅವರೇ ಬೇರೆಯವರಿಗೆ ಹೇಳ್ತಾರೆ.