‘ಸ್ಟ್ರೀಮ್’: ತೊರೆಯ ಹೆಸರು ತೆರೆಗೆ ಬಂದದ್ದು ಹೇಗೆ?

ಹಾಡು ಸ್ಟ್ರೀಮ್ ಆಗುತ್ತದೆ, ಪಂದ್ಯ ಸ್ಟ್ರೀಮ್ ಆಗುತ್ತದೆ, ವಿದ್ಯಾರ್ಥಿ ವಿಜ್ಞಾನದ ಸ್ಟ್ರೀಮ್ ಸೇರುತ್ತಾನೆ. ಇಷ್ಟೆಲ್ಲ ಹೊರೆ ಹೊತ್ತ ಈ ಇಂಗ್ಲಿಷ್ ಪದದ ಮೂಲ ಅರ್ಥ ಹರಿಯುವ ನೀರು, ಅಷ್ಟೇ. ಜರ್ಮನ್ನಿನ ‘ಶ್ಟ್ರೋಮ್’ ಇದರ ಒಡಹುಟ್ಟು. ನಮ್ಮ ‘ಸ್ರಾವ’, ‘ಸ್ರೋತ’ಗಳ ಹಿಂದಿರುವ ಸಂಸ್ಕೃತದ ‘ಸ್ರು’ ಧಾತುವೂ ಅದೇ ಬೇರಿನದು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು.

ಶತಮಾನಗಳ ಕಾಲ ತೊರೆ, ಕಡಲ ಪ್ರವಾಹ, ನೆತ್ತರು, ಗಾಳಿ ಎಂದು ಹರಿಯುವುದಕ್ಕೆಲ್ಲ ಈ ಪದ ಒದಗಿ ಬಂತು. 1890ರಲ್ಲಿ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅದನ್ನು ಮನಸ್ಸಿನೊಳಕ್ಕೂ ತಂದರು. ಪ್ರಜ್ಞೆಯನ್ನು ಸರಪಳಿ ಎನ್ನುವುದು ಸರಿಯಲ್ಲ, ಅದು ತುಂಡು ತುಂಡಾಗಿ ಇರುವುದಿಲ್ಲ, ಹರಿಯುತ್ತದೆ ಎಂಬುದು ಅವರ ವಾದ. ಪಾತ್ರದ ಮನಸ್ಸಿನ ಓಟವನ್ನು ಹಾಗೆಯೇ ಬರೆಯುವ ಶೈಲಿಗೆ ಸಾಹಿತ್ಯ ವಿಮರ್ಶೆ ಕೊಟ್ಟ ‘ಪ್ರಜ್ಞಾಪ್ರವಾಹ’ ಎಂಬ ಹೆಸರು ಬಂದದ್ದು ಈ ದಾರಿಯಿಂದ. ಹರಿವು ಎಂದರೆ ತುಂಡಾಗದ್ದು: ಈ ಮಾತು ಮುಂದೆ ಬೇಕಾಗುತ್ತದೆ.

ಕಂಪ್ಯೂಟರ್ ಲೋಕದಲ್ಲಿ ದತ್ತಾಂಶದ ಸಾಲಿಗೂ, ನಿಲ್ಲದೆ ಓಡುವ ಟೇಪ್ ಯಂತ್ರಗಳಿಗೂ ಇದೇ ಹೆಸರು ಅಂಟಿತು. ಆದರೆ ಗೋಜಲು ಶುರುವಾದದ್ದು ಅಂತರ್ಜಾಲದಲ್ಲಿ. ಮೊದಲೆಲ್ಲ ಹಾಡು ಬೇಕೆಂದರೆ ಇಡೀ ಕಡತ ಇಳಿಯುವವರೆಗೆ ಕಾಯಬೇಕಿತ್ತು. 1993ರ ಜೂನ್‌ನಲ್ಲಿ ‘ಸಿವಿಯರ್ ಟೈರ್ ಡ್ಯಾಮೇಜ್’ ಎಂಬ ವಾದ್ಯತಂಡದ ಕಛೇರಿ ಅಂತರ್ಜಾಲದಲ್ಲಿ ನೇರ ಪ್ರಸಾರವಾಯಿತು. 1995ರಲ್ಲಿ ಅಂತರ್ಜಾಲದಲ್ಲಿ ಧ್ವನಿ ಕೇಳಿಸುವ ರಿಯಲ್‌ಆಡಿಯೊ ತಂತ್ರಾಂಶ ಬಂತು. ಬರುತ್ತಿದ್ದಂತೆಯೇ ಕೇಳುವುದು ಸಾಮಾನ್ಯರಿಗೂ ಸಾಧ್ಯವಾಯಿತು. ಆಗ ಅದಕ್ಕೆಂದೇ ಮೀಸಲಾದ ಸರ್ವರ್‌ಗಳು ಧ್ವನಿಯನ್ನು ಒಂದೇ ಸಮನೆ ತಳ್ಳುತ್ತಿದ್ದವು, ದಾರಿಯಲ್ಲಿ ದಟ್ಟಣೆಯಾದರೆ ಹಾಡು ತಡವರಿಸುತ್ತಿತ್ತು. ‘ಬಫರಿಂಗ್’ ಎಂಬ ಪದ ಮನೆಮಾತಾದದ್ದು ಆ ಸಂಕಟದಿಂದಲೇ.

ಪರಿಹಾರ ಸಿಕ್ಕಿದ್ದು ಹರಿವನ್ನು ಕೈಬಿಟ್ಟಾಗ. 2009ರಲ್ಲಿ ಆಪಲ್ ತಂದ ಎಚ್‌ಎಲ್‌ಎಸ್ (ಎಚ್‌ಟಿಟಿಪಿ ಲೈವ್ ಸ್ಟ್ರೀಮಿಂಗ್) ವಿಧಾನವನ್ನೇ ನೋಡಿ. ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿಡುತ್ತಾರೆ. ಜೊತೆಗೊಂದು ಪಟ್ಟಿ ಇರುತ್ತದೆ. ಮೊಬೈಲ್ ಆ ಪಟ್ಟಿಯನ್ನು ಓದಿ ಒಂದೊಂದೇ ತುಣುಕನ್ನು ಕೇಳಿ ತರಿಸಿಕೊಳ್ಳುತ್ತದೆ. ಸಂಪರ್ಕ ನಿಧಾನವಾದರೆ ಮುಂದಿನ ತುಣುಕನ್ನು ಕಡಿಮೆ ಗುಣಮಟ್ಟದಲ್ಲಿ ಬೇಡುತ್ತದೆ. ಸಿನಿಮಾದ ನಡುವೆ ನಟನ ಮುಖ ಮಬ್ಬಾಗಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಸ್ಪಷ್ಟವಾಗುವುದು ಇದಕ್ಕೇ. ಜೇಮ್ಸ್ ಬೇಡವೆಂದ ಸರಪಳಿಯೇ ಇದು, ಹೆಸರು ಮಾತ್ರ ಹರಿವಿನದು.

ಅಂದರೆ ಸ್ಟ್ರೀಮ್ ಆಗುವಾಗಲೂ ಕಡತದ ತುಣುಕುಗಳು ನಮ್ಮ ಸಾಧನಕ್ಕೆ ಇಳಿದೇ ಇಳಿಯುತ್ತವೆ. ಡೌನ್‌ಲೋಡ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ, ಬಂದದ್ದು ಉಳಿಯುತ್ತದೆಯೋ ಅಳಿಯುತ್ತದೆಯೋ ಎಂಬುದು. ಅದು ತಾಂತ್ರಿಕ ಅನಿವಾರ್ಯತೆಗಿಂತ ಹೆಚ್ಚಾಗಿ ವ್ಯವಹಾರದ ತೀರ್ಮಾನ. ಆದರೆ ‘ಹರಿಯುವುದು’ ಎಂದ ಮೇಲೆ ಅದು ಮುಂದೆ ಸಾಗಿಹೋಗುವುದೂ ಸಹಜವೆನ್ನಿಸುತ್ತದೆ, ಏಕೆ ಉಳಿಯಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಧ್ವನಿಮುದ್ರಿಕೆ ಕೊಂಡವರು ಅದನ್ನು ಮಕ್ಕಳಿಗೆ ಕೊಡಬಹುದಿತ್ತು. ಚಂದಾದಾರರಿಗೆ ಆ ದಾರಿಯಿಲ್ಲ. ಇದು ಸಣ್ಣ ನಷ್ಟವಲ್ಲ. 2016ರ ಹೊತ್ತಿಗೆ ಅಮೆರಿಕದ ಧ್ವನಿಮುದ್ರಿತ ಸಂಗೀತದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟ್ರೀಮಿಂಗ್‌ನಿಂದಲೇ ಬರುತ್ತಿತ್ತು.

ಈಗ ಗೋಜಲು ಇನ್ನೊಂದು ಸುತ್ತು ಸುತ್ತಿಕೊಂಡಿದೆ. ಸಂಪರ್ಕವಿಲ್ಲದಾಗ ನೋಡಲೆಂದು ಇದೇ ಆ್ಯಪ್‌ಗಳು ‘ಡೌನ್‌ಲೋಡ್’ ಗುಂಡಿಯನ್ನೂ ಕೊಡುತ್ತವೆ. ಹಾಗೆ ಇಳಿಸಿಕೊಂಡ ಕಡತಕ್ಕೆ ಸಾಮಾನ್ಯವಾಗಿ ಬೀಗ ಇರುತ್ತದೆ, ಬೇರೆ ಆ್ಯಪ್‌ನಲ್ಲಿ ಅದು ತೆರೆಯುವುದಿಲ್ಲ, ಚಂದಾ ಮುಗಿದರೆ ಇದ್ದಲ್ಲೇ ನಿರುಪಯುಕ್ತವಾಗುತ್ತದೆ.